ಲಿಖಿತ ಪ್ರಶ್ನೆ ಕೇಳಿ ಮಂತ್ರಿಯಿಂದ ಲೆಕ್ಕ ಪಡೆಯುವುದು ಹೇಗೆ? ಶಾಸಕರಿಗೂ ಅವರ ಸಿಬ್ಬಂದಿಗೂ ಒಂದು ಮಾರ್ಗದರ್ಶಿ

ಸದನದಲ್ಲಿ ಎದ್ದು ನಿಂತು ಮಂತ್ರಿಯನ್ನು ಗಟ್ಟಿಯಾಗಿ ಕೇಳಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಒಂದಷ್ಟು ಗದ್ದಲ, ಒಂದು ಚುರುಕಾದ ಮಾತು, ಸಂಜೆಯ ಸುದ್ದಿಯಲ್ಲಿ ಅರ್ಧ ನಿಮಿಷ. ವಾರ ಕಳೆಯುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಲಿಖಿತ ಪ್ರಶ್ನೆಗೆ ಕ್ಯಾಮೆರಾ ಇಲ್ಲ, ಮೇಜು ಕುಟ್ಟುವವರಿಲ್ಲ. ಆದರೆ ಸರ್ಕಾರ ತಾನೇ ಬರೆದು, ಮಂತ್ರಿಯ ಹೆಸರಿನಲ್ಲಿ ಸದನದ ದಾಖಲೆಗೆ ಸೇರಿಸಿದ ಒಂದು ಹಾಳೆ ಕೈಗೆ ಸಿಗುತ್ತದೆ. ಐದು ವರ್ಷ ಬಿಟ್ಟು ತೆಗೆದು ನೋಡಿದರೂ ಅದರ ಮಾತು ಅದೇ.

ಆ ಹಾಳೆ ಹೇಗೆ ತಯಾರಾಗುತ್ತದೆ ಅಂತ ತಿಳಿದಿದ್ದರೆ ಪ್ರಶ್ನೆ ಬರೆಯುವ ರೀತಿಯೇ ಬದಲಾಗುತ್ತದೆ. ನಿಮ್ಮ ಪ್ರಶ್ನೆ ಸದನದ ಕಚೇರಿಯಿಂದ ಇಲಾಖೆಗೆ ಹೋಗುತ್ತದೆ. ಅಲ್ಲಿ ಒಬ್ಬ ಅಧಿಕಾರಿಯ ಮೇಜಿಗೆ ಬರುತ್ತದೆ. ಆತ ಕೆಳಗಿನ ಕಚೇರಿಗಳಿಂದ ಅಂಕಿ ಅಂಶ ತರಿಸಿ ಕರಡು ಬರೆಯುತ್ತಾನೆ. ಮೇಲಿನವರು ಅದನ್ನು ತಿದ್ದುತ್ತಾರೆ. ಕೊನೆಗೆ ಮಂತ್ರಿಯ ಒಪ್ಪಿಗೆ ಬೀಳುತ್ತದೆ. ಈ ಸರಪಳಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಚಿಂತೆ: ತಪ್ಪು ಹೇಳಬಾರದು, ಬೇಕಾದ್ದಕ್ಕಿಂತ ಜಾಸ್ತಿಯೂ ಹೇಳಬಾರದು. ಹಾಗಾಗಿ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ಪ್ರಶ್ನೆಯಲ್ಲಿ ಸಂದು ಬಿಟ್ಟಿದ್ದರೆ ಉತ್ತರ ಆ ಸಂದಿನಿಂದಲೇ ನುಣುಚಿಕೊಳ್ಳುತ್ತದೆ.

ಹಂತ 1: ನಿಮ್ಮ ಸದನದ ನಿಯಮ ಓದಿಕೊಳ್ಳಿ

ಪ್ರತಿ ಸದನಕ್ಕೂ ತನ್ನದೇ ಲೆಕ್ಕ ಇದೆ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಮಾತಿನ ಉತ್ತರ ಕೊಡಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ದಿನಕ್ಕೆ ಇಂಥವು 20 ಮಾತ್ರ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುತ್ತದೆ, ದಿನಕ್ಕೆ 230 ಪ್ರಶ್ನೆ ಪಟ್ಟಿಗೆ ಸೇರುತ್ತವೆ. ಕನಿಷ್ಠ 15 ಪೂರ್ಣ ದಿನ ಮುಂಚೆ ನೋಟಿಸ್ ಕೊಡಬೇಕು. ಒಂದು ಪ್ರಶ್ನೆ 150 ಪದ ಮೀರಬಾರದು.

ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನಲ್ಲಿ ಒಬ್ಬ ಸದಸ್ಯ ತಿಂಗಳಿಗೆ ನಾಲ್ಕು ಲಿಖಿತ ಪ್ರಶ್ನೆ ಕೇಳಬಹುದು, ವಾರದೊಳಗೆ ಉತ್ತರ ಬರಬೇಕು. ನ್ಯೂಜಿಲೆಂಡ್‌ನಲ್ಲಿ ಆರು ಕೆಲಸದ ದಿನ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಸಾಮಾನ್ಯ ಪ್ರಶ್ನೆಗೆ ಆರು ವಾರ, ಆದ್ಯತೆಯ ಪ್ರಶ್ನೆಗೆ ಮೂರು ವಾರ. ಕೆನಡಾದಲ್ಲಿ 45 ದಿನದೊಳಗೆ ಉತ್ತರ ಬೇಕು ಅಂತ ಸದಸ್ಯರು ಪ್ರಶ್ನೆಯ ಜೊತೆಯಲ್ಲೇ ಕೇಳಬಹುದು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಇಂಥ ದಿನವೇ ಉತ್ತರ ಬೇಕು ಅಂತ ದಿನಾಂಕ ಹೆಸರಿಸುವ ಒಂದು ಬಗೆಯ ಪ್ರಶ್ನೆ ಇದೆ.

ನಿಯಮದ ಪುಸ್ತಕದಲ್ಲಿ ನಾಲ್ಕು ವಿಷಯ ಹುಡುಕಿ: ಎಷ್ಟು ಪ್ರಶ್ನೆ ಕೇಳಬಹುದು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಯಾವ ಕಾರಣಕ್ಕೆ ಪ್ರಶ್ನೆ ತಿರಸ್ಕಾರ ಆಗುತ್ತದೆ, ಉತ್ತರ ಬರದಿದ್ದರೆ ಮುಂದೆ ಏನು. ನಾಲ್ಕನೆಯದನ್ನು ಬಹಳ ಜನ ಓದುವುದೇ ಇಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ತಿರಸ್ಕಾರದ ಕಾರಣಗಳು ಹೆಚ್ಚೂ ಕಡಿಮೆ ಎಲ್ಲ ಕಡೆ ಒಂದೇ ಥರ. ಪ್ರಶ್ನೆಯಲ್ಲಿ ವಾದ ಇರಬಾರದು, ಕೊಂಕು ಇರಬಾರದು, ಯಾರ ಮೇಲೂ ಆರೋಪ ಹೊರಿಸಬಾರದು. "ಹೀಗಾದರೆ ಏನು ಮಾಡುತ್ತೀರಿ" ಅಂತ ಊಹೆಯ ಮೇಲೆ ಕೇಳಬಾರದು. ಕೋರ್ಟಿನಲ್ಲಿರುವ ವಿಷಯ ಬೇಡ. ಸುಲಭವಾಗಿ ಸಿಗುವ ದಾಖಲೆಯಲ್ಲಿ ಇರುವುದನ್ನೇ ಮತ್ತೆ ಕೇಳಬೇಡಿ. ಸಿಟ್ಟಿನಲ್ಲಿ ಬರೆದ ಪ್ರಶ್ನೆ ಮೊದಲ ಜರಡಿಯಲ್ಲೇ ಬಿದ್ದುಹೋಗುತ್ತದೆ, ಅಷ್ಟೂ ದಿನ ವ್ಯರ್ಥ.

ಹಂತ 2: ಒಂದೇ ವಿಷಯ ಹಿಡಿಯಿರಿ

ದಾಖಲೆಗೆ ಸಿಗುವ ಮೊದಲ ಸಂಸದೀಯ ಪ್ರಶ್ನೆ 1721ರದ್ದು. ಬ್ರಿಟನ್ನಿನ ಸೌತ್ ಸೀ ಕಂಪನಿಯ ಷೇರು ಕುಸಿದು ಸಾವಿರಾರು ಜನ ದುಡ್ಡು ಕಳೆದುಕೊಂಡಿದ್ದರು. ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿದ್ದ. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅರ್ಲ್ ಕೌಪರ್ ಕೇಳಿದ್ದು ಇಷ್ಟೇ: ಆತ ಬ್ರಸೆಲ್ಸ್‌ನಲ್ಲಿ ಸಿಕ್ಕಿಬಿದ್ದಿದ್ದಾನೆ ಅನ್ನುವ ಸುದ್ದಿ ನಿಜವೇ? ಗಮನಿಸಿ, ಹಗರಣದ ಬಗ್ಗೆ ಸರ್ಕಾರದ ಅಭಿಪ್ರಾಯ ಏನು ಅಂತ ಅವರು ಕೇಳಲಿಲ್ಲ. ಪರೀಕ್ಷಿಸಿ ನೋಡಬಹುದಾದ ಒಂದೇ ಒಂದು ಸಂಗತಿ ಹಿಡಿದರು. ಮುನ್ನೂರು ವರ್ಷ ಆದರೂ ಒಳ್ಳೆಯ ಪ್ರಶ್ನೆಯ ಗುಣ ಅದೇ.

ಹಾಗಾಗಿ ಬರೆಯಲು ಕೂರುವ ಮುಂಚೆ, ಯಾವ ಉತ್ತರ ಬಂದರೆ ಅದನ್ನು ಇಟ್ಟುಕೊಂಡು ಮುಂದಿನ ಹೆಜ್ಜೆ ಇಡಬಹುದು ಅಂತ ಯೋಚಿಸಿ. ಸಂಖ್ಯೆ ಬೇಕೇ? ದಿನಾಂಕ ಬೇಕೇ? ಒಂದು ವರದಿಯ ಪ್ರತಿ ಬೇಕೇ? ಯಾವ ಅಧಿಕಾರಿ ಹೊಣೆ ಅನ್ನುವುದು ಬೇಕೇ? ಇವುಗಳಲ್ಲಿ ಯಾವುದೂ ಅಲ್ಲದಿದ್ದರೆ ಅದು ಭಾಷಣದ ವಿಷಯ. ಅದನ್ನು ಚರ್ಚೆಗೆ ಇಟ್ಟುಕೊಳ್ಳಿ.

ವಿಷಯ ಎಲ್ಲಿಂದ ಸಿಗುತ್ತದೆ? ಜನ ತಂದು ಕೊಡುವ ಅರ್ಜಿಗಳಿಂದ, ಬಜೆಟ್ ಪುಸ್ತಕಗಳಿಂದ, ಲೆಕ್ಕ ಪರಿಶೋಧನೆಯ ವರದಿಗಳಿಂದ. ಎಲ್ಲಕ್ಕಿಂತ ಜಾಸ್ತಿ, ಹಳೆಯ ಉತ್ತರಗಳಿಂದ. ಅದೇ ವಿಷಯಕ್ಕೆ ಕಳೆದ ಮೂರು ನಾಲ್ಕು ವರ್ಷ ಸರ್ಕಾರ ಏನು ಉತ್ತರ ಕೊಟ್ಟಿದೆ ಅಂತ ಹುಡುಕಿ ಓದಿ. ಅಲ್ಲಿ "ಮುಂದಿನ ವರ್ಷ ಮುಗಿಯಲಿದೆ" ಅಂತ ಬರೆದಿದ್ದು ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಆದಂತೆ. ಹೊಸ ಪ್ರಶ್ನೆಯಲ್ಲಿ ಆ ಹಳೆಯ ಉತ್ತರದ ಸಂಖ್ಯೆ, ದಿನಾಂಕ ಹಾಕಿ, ಕೆಲಸ ಮುಗಿಯಿತೇ, ಯಾವತ್ತು ಮುಗಿಯಿತು ಅಂತ ಕೇಳಿ. ಸರ್ಕಾರದ ಮಾತನ್ನೇ ಸರ್ಕಾರದ ಮುಂದೆ ಇಟ್ಟರೆ ನುಣುಚಿಕೊಳ್ಳುವುದು ಕಷ್ಟ.

ಹಂತ 3: ಕರಡು ಬರೆಯಿರಿ, ಅದನ್ನು ನೀವೇ ಒಡೆದು ನೋಡಿ

ಇದೇ ನಿಜವಾದ ಕುಶಲ ಕೆಲಸ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಸರ್ಕಾರಿ ಆಂಬುಲೆನ್ಸ್‌ಗಳು ಕೆಟ್ಟು ನಿಂತಿವೆ ಅಂತ ಜನ ದೂರು ತಂದಿದ್ದಾರೆ ಅಂದುಕೊಳ್ಳಿ. ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

"(ಅ) ಆಂಬುಲೆನ್ಸ್ ಸೇವೆ ಸಮರ್ಪಕವಾಗಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು?"

ಇದಕ್ಕೆ ಬರುವ ಉತ್ತರ ಎರಡೇ ಪದ: "(ಅ) ಇಲ್ಲ. (ಆ) ಉದ್ಭವಿಸುವುದಿಲ್ಲ."

ಮುಗೀತು. ಇದು ಸುಳ್ಳು ಅಂತ ಸಾಬೀತು ಮಾಡುವುದಕ್ಕೂ ಆಗುವುದಿಲ್ಲ, ಯಾಕೆಂದರೆ "ಸಮರ್ಪಕ" ಅಂದರೆ ಏನು ಅಂತ ನೀವು ಹೇಳಿಲ್ಲ. "ಗಮನಕ್ಕೆ ಬಂದಿದೆಯೇ" ಅನ್ನುವುದು ಎಷ್ಟೋ ಪ್ರಶ್ನೆಗಳ ಮೊದಲ ಸಾಲು. ಅಭ್ಯಾಸದಿಂದ ಬಂದಿದೆ ಅಷ್ಟೇ. ಅದನ್ನು ಬಿಟ್ಟುಬಿಡಿ ಅನ್ನುವುದು ನನ್ನ ಕಳಕಳಿಯ ಸಲಹೆ. ಮೊದಲ ಭಾಗಕ್ಕೆ "ಇಲ್ಲ" ಅಂದುಬಿಟ್ಟರೆ ಅದಕ್ಕೆ ಕಟ್ಟಿದ ಉಳಿದ ಭಾಗಗಳೆಲ್ಲ ಒಟ್ಟಿಗೆ ಉರುಳುತ್ತವೆ. ಪ್ರತಿ ಭಾಗವೂ ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಬರೆಯಬೇಕು.

ಎರಡನೇ ಕರಡು: "ಸರ್ಕಾರಿ ಆಂಬುಲೆನ್ಸ್‌ಗಳು ಎಷ್ಟಿವೆ, ಅವುಗಳಲ್ಲಿ ಸುಸ್ಥಿತಿಯಲ್ಲಿರುವವು ಎಷ್ಟು?" ಇದು ಪರವಾಗಿಲ್ಲ. ಸಂಖ್ಯೆ ಕೇಳಿದ್ದೀರಿ. ಈಗ ಇಲಾಖೆಯ ಆ ಅಧಿಕಾರಿಯ ಕುರ್ಚಿಯಲ್ಲಿ ನೀವೇ ಕೂತು ಯೋಚಿಸಿ. ಎಲ್ಲಿ ನುಣುಚಿಕೊಳ್ಳಬಹುದು? "ಸುಸ್ಥಿತಿ" ಅಂದರೆ ಎಂಜಿನ್ ಸ್ಟಾರ್ಟ್ ಆದರೆ ಸಾಕೇ? ಡ್ರೈವರ್ ಇಲ್ಲದೆ ಆಸ್ಪತ್ರೆ ಹಿಂದೆ ನಿಂತಿರುವ ಗಾಡಿಯೂ ಸುಸ್ಥಿತಿಯಲ್ಲಿದೆ ಅಂತ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಯಾವ ದಿನದ ಲೆಕ್ಕ? ಒಟ್ಟು ಲೆಕ್ಕವೇ, ಜಿಲ್ಲಾವಾರು ಲೆಕ್ಕವೇ? ಒಟ್ಟು ಸಂಖ್ಯೆ ಚೆನ್ನಾಗಿ ಕಾಣಬಹುದು. ಆದರೆ ನಿಮ್ಮ ಕ್ಷೇತ್ರದಲ್ಲಿ ಒಂದೂ ಓಡದೇ ಇರಬಹುದು.

ಇವನ್ನೆಲ್ಲ ಮುಚ್ಚಿ ಮೂರನೇ ಸಲ ಬರೆದರೆ ಹೀಗಾಗುತ್ತದೆ:

"(ಅ) ಕಳೆದ ಮೂರು ಹಣಕಾಸು ವರ್ಷಗಳಲ್ಲಿ, ಪ್ರತಿ ವರ್ಷದ ಕೊನೆಯ ದಿನ ಇಲಾಖೆಯ ಲೆಕ್ಕದಲ್ಲಿದ್ದ ಆಂಬುಲೆನ್ಸ್‌ಗಳೆಷ್ಟು (ಜಿಲ್ಲಾವಾರು ಮತ್ತು ವರ್ಷವಾರು ವಿವರ ನೀಡುವುದು); (ಆ) ಅವುಗಳಲ್ಲಿ ಆ ವರ್ಷದ ಕೊನೆಯ ತಿಂಗಳಲ್ಲಿ ಕನಿಷ್ಠ ಒಬ್ಬ ರೋಗಿಯನ್ನಾದರೂ ಸಾಗಿಸಿದ ವಾಹನಗಳೆಷ್ಟು; (ಇ) ಸತತ 30 ದಿನಕ್ಕಿಂತ ಹೆಚ್ಚು ಕಾಲ ಬಳಕೆಯಾಗದೆ ನಿಂತ ವಾಹನಗಳೆಷ್ಟು, ಅವು ನಿಲ್ಲಲು ಕಾರಣಗಳೇನು; (ಈ) ರಿಪೇರಿಗೆ ಪ್ರತಿ ವರ್ಷ ಮಂಜೂರಾದ ಹಾಗೂ ಖರ್ಚಾದ ಮೊತ್ತ ಎಷ್ಟು; (ಉ) ಮೇಲಿನ ಯಾವುದಾದರೂ ಮಾಹಿತಿಯನ್ನು ಇಲಾಖೆ ಇಟ್ಟಿಲ್ಲವಾದರೆ, ಯಾವ ಮಾಹಿತಿ, ಇಡದಿರಲು ಕಾರಣವೇನು, ಅದನ್ನು ಇಡಬೇಕಾದ ಹೊಣೆ ಯಾವ ಅಧಿಕಾರಿಯದು?"

"ಒಬ್ಬ ರೋಗಿಯನ್ನಾದರೂ ಸಾಗಿಸಿದ" ಅನ್ನುವ ಮೂರು ಪದವನ್ನು ಮತ್ತೊಮ್ಮೆ ಓದಿ. "ಸುಸ್ಥಿತಿ" ಅನ್ನುವ ಬಣ್ಣದ ಪದದ ಜಾಗಕ್ಕೆ ಅದು ಬಂದು ಕೂತಿದೆ. ಗಾಡಿ ಓಡಿದೆಯೋ ಇಲ್ಲವೋ ಅನ್ನುವುದು ಲಾಗ್ ಪುಸ್ತಕದಲ್ಲಿ ಇರುತ್ತದೆ. ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಇಂಥ ಒಂದು ಮಾತು ಹುಡುಕಲು ಒಂದು ದಿನ ಹಿಡಿದರೂ ಚಿಂತೆಯಿಲ್ಲ.

ಇನ್ನು (ಉ) ಭಾಗದ ಬಗ್ಗೆ. ಇದು ಸುಮ್ನೆ ಹಾಕಿದ್ದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಕಾರಣಕ್ಕೆ ಭಾರತದ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ. ಲಿಖಿತ ಪ್ರಶ್ನೆಗಳು ಮಾತ್ರ ಉಳಿದಿದ್ದವು. ಲಾಕ್‌ಡೌನ್ ಸಮಯದಲ್ಲಿ ಊರಿಗೆ ಮರಳುತ್ತಾ ಸತ್ತ ವಲಸೆ ಕಾರ್ಮಿಕರ ಲೆಕ್ಕವನ್ನು ಲೋಕಸಭೆಯಲ್ಲಿ ಕೇಳಲಾಯಿತು. ಅಂಥ ಮಾಹಿತಿ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಬರಹದಲ್ಲಿ ಉತ್ತರಿಸಿತು. ದೇಶದ ಪತ್ರಿಕೆಗಳಲ್ಲೆಲ್ಲ ಅದೇ ದೊಡ್ಡ ಸುದ್ದಿಯಾಯಿತು. ಲೆಕ್ಕವೇ ಇಲ್ಲ ಅನ್ನುವುದೂ ಒಂದು ಉತ್ತರವೇ. ಕೆಲವೊಮ್ಮೆ ಅದು ಸಂಖ್ಯೆಗಿಂತ ಜಾಸ್ತಿ ಹೇಳುತ್ತದೆ. ಆದರೆ "ಯಾಕೆ ಇಟ್ಟಿಲ್ಲ" ಅಂತಲೂ ಮೊದಲೇ ಕೇಳಿಟ್ಟಿದ್ದರೆ ಇನ್ನೊಂದು ಅಧಿವೇಶನ ಕಾಯಬೇಕಾಗಿಲ್ಲ.

ಒಂದು ಎಚ್ಚರಿಕೆ. ಆಸೆಗೆ ಬಿದ್ದು ಹತ್ತು ವರ್ಷದ, ಹಳ್ಳಿ ಹಳ್ಳಿಯ ಲೆಕ್ಕ ಕೇಳಬೇಡಿ. ಬ್ರಿಟನ್ನಿನಲ್ಲಿ ಉತ್ತರ ಹುಡುಕುವ ಖರ್ಚು ಒಂದು ಮಿತಿ ದಾಟಿದರೆ ಇಲಾಖೆ ಉತ್ತರ ನಿರಾಕರಿಸಬಹುದು. ಬೇರೆ ಕಡೆಗಳಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ವರ್ಷಗಟ್ಟಲೆ ಎಳೆಯುತ್ತಾರೆ. ಮೂರು ವರ್ಷ, ಜಿಲ್ಲಾವಾರು ಸಾಕು. ದೊಡ್ಡ ಪ್ರಶ್ನೆಯನ್ನು ಮೂರು ಸಣ್ಣ ಪ್ರಶ್ನೆಯಾಗಿ ಒಡೆದರೆ ಇನ್ನೂ ಒಳ್ಳೆಯದು. ಒಂದೇ ಪ್ರಶ್ನೆಯಲ್ಲಿ ಎಂಟು ವಿಷಯ ತುಂಬಿದರೆ ಸುಲಭವಾದ ಎರಡಕ್ಕೆ ಉದ್ದುದ್ದ ಉತ್ತರ ಬರೆದು ಉಳಿದ ಆರನ್ನು ತೇಲಿಸಿಬಿಡುತ್ತಾರೆ.

ಹಂತ 4: ಸರಿಯಾದ ಇಲಾಖೆ, ಸರಿಯಾದ ಹೊತ್ತು

ಇಲಾಖೆ ತಪ್ಪಿದರೆ ಪ್ರಶ್ನೆ ವರ್ಗಾವಣೆ ಆಗುತ್ತದೆ, ದಿನಗಳು ಹೋಗುತ್ತವೆ. ಹಣ ಕೊಡುವ ಇಲಾಖೆ ಒಂದು, ಖರ್ಚು ಮಾಡುವ ಇಲಾಖೆ ಇನ್ನೊಂದು ಆಗಿದ್ದರೆ ಇಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕಳಿಸಿ. ಕೊಟ್ಟಿದ್ದೇವೆ ಅಂತ ಒಬ್ಬರು, ಬಂದಿಲ್ಲ ಅಂತ ಇನ್ನೊಬ್ಬರು ಬರೆದ ಎರಡು ಹಾಳೆ ಕೈಯಲ್ಲಿದ್ದರೆ ಮುಂದಿನ ಚರ್ಚೆಗೆ ಬೇರೇನೂ ಬೇಕಿಲ್ಲ.

ಬಜೆಟ್ ಚರ್ಚೆಗೆ ಮುಂಚೆ ಉತ್ತರ ಕೈಗೆ ಬರುವ ಹಾಗೆ ದಿನ ಎಣಿಸಿ ನೋಟಿಸ್ ಕೊಡಿ. ಸದಸ್ಯರಿಗೆ ಮಿತಿ ಇರುವ ಕಡೆ, ಒಂದೇ ಮನಸ್ಸಿನ ನಾಲ್ಕು ಜನ ವಿಷಯ ಹಂಚಿಕೊಂಡು ಕೇಳಬಹುದು.

ಹಂತ 5: ಉತ್ತರವನ್ನು ಪೆನ್ಸಿಲ್ ಹಿಡಿದು ಓದಿ

ಉತ್ತರ ಬಂತು ಅಂತ ಫೈಲಿಗೆ ಸೇರಿಸಿಬಿಟ್ಟರೆ ಪಟ್ಟ ಕಷ್ಟವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ನಿಮ್ಮ ಪ್ರಶ್ನೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಭಾಗದ ಮುಂದೆ ಮೂರು ಗುರುತಿನಲ್ಲಿ ಒಂದು ಹಾಕಿ: ಉತ್ತರ ಬಂದಿದೆ, ಅರ್ಧ ಬಂದಿದೆ, ಬಂದಿಲ್ಲ. ಮೊದಲ ಓದಿಗೆ ತುಂಬಿ ತುಳುಕುವಂತೆ ಕಂಡ ಎರಡು ಪುಟದ ಉತ್ತರದಲ್ಲಿ ನೀವು ಕೇಳಿದ್ದರ ಅರ್ಧವೂ ಇಲ್ಲ ಅನ್ನುವುದು ಆಗ ತಿಳಿಯುತ್ತದೆ.

ನುಣುಚಿಕೊಳ್ಳುವ ಮಾತುಗಳನ್ನು ಗುರುತಿಸುವುದು ಅಭ್ಯಾಸದಿಂದ ಬರುತ್ತದೆ. "ಕಾಲಕಾಲಕ್ಕೆ ಕ್ರಮ ಕೈಗೊಳ್ಳಲಾಗುತ್ತಿದೆ": ಯಾವತ್ತು, ಎಷ್ಟು ಸಲ? "ನಿಯಮಾನುಸಾರ": ಯಾವ ನಿಯಮ? "ಅನುದಾನದ ಲಭ್ಯತೆಗೆ ಅನುಗುಣವಾಗಿ": ಅಂದರೆ ಈ ವರ್ಷ ದುಡ್ಡು ಇಟ್ಟಿಲ್ಲ. ಜಿಲ್ಲಾವಾರು ಕೇಳಿದ್ದಕ್ಕೆ ಒಟ್ಟು ಲೆಕ್ಕ ಕೊಟ್ಟಿರುತ್ತಾರೆ. ಖರ್ಚಾದ ಹಣ ಕೇಳಿದ್ದಕ್ಕೆ ಬಿಡುಗಡೆಯಾದ ಹಣ ಹೇಳಿರುತ್ತಾರೆ. ಈ ಎರಡನೆಯದು ಬಹಳ ಜನರ ಕಣ್ಣು ತಪ್ಪುತ್ತದೆ. ಬಿಡುಗಡೆಯಾದ ಹಣ ಬ್ಯಾಂಕ್ ಖಾತೆಯಲ್ಲೇ ಮಲಗಿರಬಹುದು. ಅನುಬಂಧದ ಕೋಷ್ಟಕ ಇದ್ದರೆ ಅದನ್ನು ಮೊದಲು ಓದಿ, ಒಟ್ಟು ಮೊತ್ತವನ್ನು ನೀವೇ ಕೂಡಿಸಿ ನೋಡಿ. ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಯನ್ನೂ ಬಿಡಬೇಡಿ.

ಹಾಗಂತ ಪ್ರತಿ ಉತ್ತರವನ್ನೂ ಅನುಮಾನದಿಂದ ನೋಡಬೇಕಿಲ್ಲ. ಕಾಳಜಿಯಿಂದ, ಪ್ರಾಮಾಣಿಕವಾಗಿ ಉತ್ತರ ಬರೆಯುವ ಅಧಿಕಾರಿಗಳೂ ಇದ್ದಾರೆ. ಒಳ್ಳೆಯ ಉತ್ತರ ಬಂದರೆ ಅದನ್ನೂ ಬಾಯಿಬಿಟ್ಟು ಹೇಳಿ. ಮುಂದಿನ ಸಲ ಆ ಇಲಾಖೆಯಿಂದ ಇನ್ನೂ ಒಳ್ಳೆಯ ಉತ್ತರ ಬರುತ್ತದೆ.

ಹಂತ 6: ಬೆನ್ನು ಬಿಡಬೇಡಿ

"ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು" ಅನ್ನುವ ಮಾತುಗಳು ಮೇಲ್ನೋಟಕ್ಕೆ ಪೊಳ್ಳು ಅನ್ನಿಸುತ್ತವೆ. ಲೋಕಸಭೆಯಲ್ಲಿ ಇವುಗಳನ್ನು ಭರವಸೆ ಅಂತಲೇ ಲೆಕ್ಕ ಹಾಕುತ್ತಾರೆ. ಸರ್ಕಾರದ ಭರವಸೆಗಳ ಮೇಲೆ ಕಣ್ಣಿಡುವ ಸಮಿತಿ ಅಲ್ಲಿ 1953ರಿಂದ ಇದೆ. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಹಾಗಾಗಿ ಇಂಥ ಉತ್ತರ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳ ಮುಂದಿನ ದಿನಾಂಕಕ್ಕೆ ಗುರುತು ಹಾಕಿ. ಆ ದಿನ ಕಳೆದರೆ ಸಮಿತಿಗೆ ಪತ್ರ ಬರೆಯಿರಿ.

ಉತ್ತರ ಸಾಲದು ಅನ್ನಿಸಿದರೆ, ವಿಷಯ ಸಾರ್ವಜನಿಕವಾಗಿ ಮಹತ್ವದ್ದಾಗಿದ್ದರೆ, ಅದರ ಮೇಲೆ ಅರ್ಧ ಗಂಟೆ ಚರ್ಚೆಗೆ ನೋಟಿಸ್ ಕೊಡಬಹುದು. ಲಿಖಿತ ಪ್ರಶ್ನೆಗೂ ಈ ದಾರಿ ತೆರೆದಿದೆ. ಬೇರೆ ಸದನಗಳಲ್ಲಿ ಬೇರೆ ಬೀಗದ ಕೈ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ 30 ದಿನ ಕಳೆದರೂ ಉತ್ತರ ಬರದಿದ್ದರೆ ಸದಸ್ಯರು ಸದನದಲ್ಲೇ ಎದ್ದು ಕಾರಣ ಕೇಳಬಹುದು. ಕೆನಡಾದಲ್ಲಿ 45 ದಿನದ ಗಡುವು ಮೀರಿದರೆ ಉತ್ತರಿಸದ ವಿಷಯ ಸಮಿತಿಯ ಮುಂದೆ ಹೋಗುತ್ತದೆ. ಫ್ರಾನ್ಸ್‌ನ ನ್ಯಾಷನಲ್ ಅಸೆಂಬ್ಲಿಯಲ್ಲಿ ಎರಡು ತಿಂಗಳ ಗಡುವು ಮೀರಿದ ಪ್ರಶ್ನೆಗಳಲ್ಲಿ ಕೆಲವನ್ನು ಪಕ್ಷದ ಗುಂಪಿನ ನಾಯಕರು ಆರಿಸಿ ಗುರುತು ಹಾಕುತ್ತಾರೆ. ಅವಕ್ಕೆ ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಬೆನ್ನು ಹತ್ತಿದರೆ ಏನಾಗಬಹುದು ಅನ್ನುವುದಕ್ಕೆ ಮುಂದ್ರಾ ಪ್ರಕರಣ ನೋಡಿ. 1957ರಲ್ಲಿ ಸರ್ಕಾರಿ ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರಿಗೆ ಹೋಗಿದೆಯೇ ಅನ್ನುವ ಪ್ರಶ್ನೆ ಲೋಕಸಭೆಯಲ್ಲಿ ಬಂತು. ಸರ್ಕಾರದ ಉತ್ತರ ಯಾರಿಗೂ ಸಮಾಧಾನ ತರಲಿಲ್ಲ. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಡಿಸೆಂಬರ್‌ನಲ್ಲಿ ವಿಷಯವನ್ನು ವಿವರವಾಗಿ ಸದನದ ಮುಂದಿಟ್ಟರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಉತ್ತರಕ್ಕೇ ತೃಪ್ತರಾಗಿ ಕೂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಎಲ್ಲ ಪ್ರಶ್ನೆಯೂ ಮಂತ್ರಿಯ ರಾಜೀನಾಮೆ ತನಕ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಪ್ರತಿ ವರ್ಷ ಕೇಳುವುದು ಅದಕ್ಕಿಂತ ಸರಳವಾದ, ನನಗೆ ಬಹಳ ಇಷ್ಟವಾದ ಉಪಾಯ. ಪದ ಬದಲಾಗದಿದ್ದರೆ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ನಿಂತ ಆಂಬುಲೆನ್ಸ್‌ಗಳ ಸಂಖ್ಯೆ ಇಳಿಯಿತೋ ಏರಿತೋ ಅನ್ನುವುದು ಸರ್ಕಾರದ್ದೇ ಅಂಕಿಯಲ್ಲಿ ಕಾಣುತ್ತದೆ. ಪ್ರಶ್ನೆ ಮತ್ತೆ ಬರುತ್ತದೆ ಅಂತ ಗೊತ್ತಾದ ಇಲಾಖೆ ವರ್ಷಪೂರ್ತಿ ಲೆಕ್ಕ ಇಡಲು ಶುರು ಮಾಡುತ್ತದೆ.

ಉತ್ತರವೇ ಸುಳ್ಳು ಅಂತ ದಾಖಲೆ ಸಿಕ್ಕಿದರೆ? ಮೊದಲು ಮಂತ್ರಿಗೆ ಬರೆದು ತಿದ್ದುಪಡಿ ಕೇಳಿ. ತಪ್ಪು ಗೊತ್ತಿಲ್ಲದೆ ಆಗಿರಬಹುದು. ಬೇಕೆಂದೇ ಸದನದ ದಾರಿ ತಪ್ಪಿಸಿದ್ದಾರೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದ್ದಾಗ ಮಾತ್ರ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ಆಗಿದೆ ಅಂತ ದೂರು ಕೊಡುವ ದಾರಿ ಹಿಡಿಯಿರಿ.

ಹಂತ 7: ಯಾರ ಪ್ರಶ್ನೆಯೋ ಅವರಿಗೆ ಉತ್ತರ ತಲುಪಿಸಿ

ದೂರು ತಂದ ಜನಕ್ಕೆ ಉತ್ತರದ ಪ್ರತಿ ಕೊಡಿ. ನಿಮ್ಮ ಜಿಲ್ಲೆಯಲ್ಲಿ ಹನ್ನೆರಡು ಗಾಡಿ ಓಡುತ್ತಿವೆ ಅಂತ ಉತ್ತರ ಹೇಳಿದರೆ, ಓಡುತ್ತಿರುವುದು ಏಳೇ ಅಂತ ಹೇಳಬಲ್ಲವರು ಅವರೇ. ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಪ್ರಶ್ನೆಯಲ್ಲಿ ಮಾತ್ರ ದೂರುದಾರರ ಹೆಸರು, ಅವರನ್ನು ಗುರುತಿಸುವ ವಿವರ ಹಾಕಬೇಡಿ. ಸದನದ ದಾಖಲೆಯನ್ನು ಎಲ್ಲರೂ ಓದುತ್ತಾರೆ.

ಪ್ರಶ್ನೆ ಬರೆದುಕೊಂಡು ಬಂದು "ಇದನ್ನು ಹಾಕಿ" ಅನ್ನುವವರ ಬಗ್ಗೆ ಹುಷಾರು. ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಲು ಒಪ್ಪಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ ಭಾರತದ ಸಂಸತ್ತು 11 ಸದಸ್ಯರನ್ನು ಹೊರಹಾಕಿತು. ಲೋಕಸಭೆಯಿಂದ ಹತ್ತು, ರಾಜ್ಯಸಭೆಯಿಂದ ಒಬ್ಬರು. ಪ್ರಶ್ನೆಯಿಂದ ಲಾಭ ಆಗುವುದು ಯಾರಿಗೆ ಅಂತ ಪ್ರತಿ ಸಲ ಕೇಳಿಕೊಳ್ಳಿ. ನಿಮ್ಮದೇ ಹಿತಾಸಕ್ತಿ ಇದ್ದರೆ ನಿಯಮದಂತೆ ಘೋಷಿಸಿ.

ಕೊನೆಯದಾಗಿ, ಒಂದು ಸಾದಾ ನೋಟ್‌ಬುಕ್ ಇಡಿ. ಆರು ಕಾಲಂ ಸಾಕು: ಪ್ರಶ್ನೆಯ ಸಂಖ್ಯೆ, ಕೊಟ್ಟ ದಿನ, ಉತ್ತರ ಬರಬೇಕಾದ ದಿನ, ಬಂದ ದಿನ, ಉತ್ತರ ಸಿಗದೆ ಉಳಿದ ಭಾಗ, ಮುಂದಿನ ಹೆಜ್ಜೆ. ಸಿಬ್ಬಂದಿ ಬದಲಾದರೂ ಆ ಪುಸ್ತಕ ಕಚೇರಿಯಲ್ಲೇ ಇರಲಿ. ಐದನೇ ಕಾಲಂ ಖಾಲಿಯಾಗುವ ತನಕ ಆ ಸಾಲನ್ನು ಹೊಡೆದು ಹಾಕಬೇಡಿ.